ಕೀಲಿಗೆ ಬೀಗ ಅಂದ ತಪ್ಪಿಗೆ

ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವರು ಬಾಗಿಲಿಗೆ ಹಾಕುವುದು ಕೀಲಿ. ಮೈಸೂರಿನವರು ಅದಕ್ಕೆ ಬೀಗ ಅನ್ನುತ್ತಾರೆ. ನಮ್ಮ ಕಡೆ ಬೀಗ ಅಂದರೆ ಹೆಣ್ಣು ಕೊಟ್ಟ ಅಥವಾ ಹೆಣ್ಣು ತಂದ ಮನೆಯ ಹಿರಿಯ. ಅವರನ್ನು ಕೂಡಿಸಿ ಹೋಳಿಗೆ ಬಡಿಸುತ್ತೇವೆಯೇ ಹೊರತು ಬಾಗಿಲಿಗೆ ಜಡಿಯುವುದಿಲ್ಲ. ಮೈಸೂರಿನವರಿಗೂ ಈ ಬೀಗರು ಗೊತ್ತು. ಆದರೂ ಎರಡಕ್ಕೂ ಒಂದೇ ಹೆಸರಿಟ್ಟುಕೊಂಡು ಅವರು ಗಲಿಬಿಲಿಯಿಲ್ಲದೆ ಸಂಸಾರ ಮಾಡುವುದು ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಈ ಒಂದು ಪದದಿಂದಾಗಿ ಎಂಬತ್ತರ ದಶಕದ ನಡುವಿನ ಒಂದು ಶನಿವಾರ ಸ್ಯಾಕ್ರಮೆಂಟೋ ನದಿಯ ಪಕ್ಕದಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಆಮೇಲೆ ಊರಿಗೆಲ್ಲ ಕೇಳುವಂತೆ ಅತ್ತೆ. ತಪ್ಪು ನನ್ನದೇ.

ಆಗ ನಾನು ಫ್ರೀಮಾಂಟಿನಲ್ಲಿ ಅಣ್ಣ-ಅತ್ತಿಗೆಯ ಅಪಾರ್ಟ್‌ಮೆಂಟಿನಲ್ಲಿದ್ದೆ. ಓದು ಮುಗಿಸಿ ಸ್ಯಾನ್ ಹೊಸೆಯ ಒಂದು ಆಫೀಸು ಸೇರಿದ್ದೆ. ಸ್ಯಾನ್ ಮಟಿಯೋದಲ್ಲಿ ಮೈಸೂರಿನ ಒಬ್ಬ ಹುಡುಗನಿದ್ದ, ಇಂಜಿನಿಯರು. ಒಂದೂವರೆ ವರ್ಷದಿಂದ ನಾವಿಬ್ಬರೂ ಮದುವೆಯಾಗುವುದೆಂದು ತೀರ್ಮಾನಿಸಿಬಿಟ್ಟಿದ್ದೆವು. ಅತ್ತಿಗೆಗೆ ಇದು ಗೊತ್ತಿತ್ತು. ಅಣ್ಣನಿಗೆ ಗೊತ್ತಿದ್ದರೂ ಗೊತ್ತಿಲ್ಲದವನಂತೆ ಇರುವುದು ಅವನಿಗೆ ಸುಲಭವಾಗಿತ್ತು. ಗೊತ್ತಿಲ್ಲದವರು ಹುಬ್ಬಳ್ಳಿಯಲ್ಲಿದ್ದರು. ಅವ್ವ ಪ್ರತಿ ಪತ್ರದಲ್ಲೂ ಒಬ್ಬೊಬ್ಬ ಹೊಸ ಗಂಡಿನ ಸುದ್ದಿ ಬರೆಯುತ್ತಿದ್ದಳು. ಆ ವಸಂತದಲ್ಲಿ ಅಪ್ಪ ಒಂದು ತಿಂಗಳಿಗೆಂದು ಇಲ್ಲಿಗೆ ಬಂದರು. ಅವರು ವಾಪಸು ಹೋಗುವುದರೊಳಗೆ ನಾನು ಹೇಳಲೇಬೇಕಿತ್ತು. ಹೇಳದಿದ್ದರೆ ಅವ್ವ ಯಾರಿಗಾದರೂ ಮಾತು ಕೊಟ್ಟುಬಿಡುತ್ತಾಳೆ, ಆಮೇಲೆ ಅಪ್ಪ ಆ ಮಾತಿಗೆ ಕಟ್ಟುಬೀಳುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ನನ್ನದು ಮೂಗಿನ ತುದಿಯ ಸಿಟ್ಟು. ಹೆದರಿಕೆಯಾದರೂ ಸಿಟ್ಟೇ ಬರುತ್ತದೆ, ನಾಚಿಕೆಯಾದರೂ ಸಿಟ್ಟೇ. ಅಪ್ಪನ ಎದುರು ಕೂತು ವಿಷಯ ಎತ್ತಬೇಕೆಂದು ಬಾಯಿ ತೆರೆದಾಗಲೆಲ್ಲ ಜಗಳವೇ ಹೊರಬಿತ್ತು. ಒಂದು ದಿನ ನಲ್ಲಿಯ ನೀರಿನ ಬಗ್ಗೆ. ಅಪ್ಪ ಜೀವಮಾನವಿಡೀ ಕಾಲುವೆಗಳ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ನಾನು ಪಾತ್ರೆ ತೊಳೆಯುವಾಗ ನೀರು ಹರಿಯಲು ಬಿಟ್ಟರೆ ಅವರಿಗೆ ತಡೆಯುತ್ತಿರಲಿಲ್ಲ. ಇನ್ನೊಂದು ದಿನ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು. ಮತ್ತೊಂದು ದಿನ ನಾನು ಫ್ರೀವೇಯಲ್ಲಿ ಕಾರು ಓಡಿಸುವ ವೇಗದ ಬಗ್ಗೆ. ಮೂರು ವಾರದಲ್ಲಿ ನಾವಿಬ್ಬರೂ ಜಗಳವಾಡದೆ ಉಳಿದ ವಿಷಯ ಒಂದೇ, ನನ್ನ ಮದುವೆ.

ಸಂಜೆ ಸ್ಯಾನ್ ಮಟಿಯೋದಿಂದ ಫೋನು ಬರುತ್ತಿತ್ತು. ಅಪ್ಪ ಅಲ್ಲೇ ಸೋಫಾದ ಮೇಲೆ ಪೇಪರು ಹಿಡಿದು ಕೂತಿರುತ್ತಿದ್ದರು. ನಾನು ಇಂಗ್ಲಿಷಿನಲ್ಲಿ, ಮೀಟಿಂಗು, ರಿಪೋರ್ಟು ಎಂದೆಲ್ಲ ಸೇರಿಸಿ ಮಾತಾಡುತ್ತಿದ್ದೆ. ಇಡೀ ಸರ್ವೀಸಿನಲ್ಲಿ ಫೈಲುಗಳ ಮೇಲೆ ಇಂಗ್ಲಿಷಿನಲ್ಲೇ ಟಿಪ್ಪಣಿ ಬರೆದ ಮನುಷ್ಯ ಎದುರಿಗೆ ಕೂತಿದ್ದಾರೆ ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ಪ್ರೀತಿಯಲ್ಲಿ ಬಿದ್ದವರಿಗೆ ಕಣ್ಣು ಕಾಣುವುದಿಲ್ಲ ಅನ್ನುತ್ತಾರಲ್ಲ, ನನಗೆ ಬುದ್ಧಿಯೇ ಓಡುತ್ತಿರಲಿಲ್ಲ.

ಉಪಾಯ ಹೂಡಿದ್ದು ಅತ್ತಿಗೆ. ಅವಳೂ ಮೈಸೂರಿನವಳೇ, ತಣ್ಣಗಿನ ಸ್ವಭಾವ. ಅಣ್ಣನ ಆಫೀಸಿನಿಂದ ನಿವೃತ್ತನಾದ ಒಬ್ಬ ಅಮೆರಿಕನ್ ಅಜ್ಜನಿಗೆ ಸ್ಯಾಕ್ರಮೆಂಟೋದಲ್ಲಿ ಒಂದು ದೋಣಿಯಿತ್ತು. ಅಲ್ಲಿ ನದಿಗೂ ಹಡಗುಗಳು ಬರುವ ಕಾಲುವೆಗೂ ನಡುವೆ ಒಂದು ಲಾಕು ಇದೆ ಎಂದು ಅವನು ಹೇಳಿದ್ದ. ನದಿಯ ನೀರು ಮೇಲೆ, ಕಾಲುವೆಯ ನೀರು ಕೆಳಗೆ. ನಡುವೆ ಎರಡೂ ಕಡೆ ಬಾಗಿಲಿರುವ ಉದ್ದನೆಯ ಕಾಂಕ್ರೀಟು ತೊಟ್ಟಿ. ದೋಣಿ ಒಳಗೆ ಹೋದ ಮೇಲೆ ಹಿಂದಿನ ಬಾಗಿಲು ಹಾಕಿ ನೀರು ಇಳಿಸುತ್ತಾರೆ. ದೋಣಿಯೂ ನೀರಿನೊಂದಿಗೆ ಇಳಿಯುತ್ತದೆ. ಮುಂದಿನ ಬಾಗಿಲು ತೆರೆದರೆ ಕಾಲುವೆ. ಹಡಗುಗಳ ಓಡಾಟ ಕಡಿಮೆಯಾಗಿ ಅದನ್ನು ಮುಚ್ಚುವ ಮಾತೂ ನಡೆದಿತ್ತಂತೆ.

“ಮಾವನಿಗೆ ಇದು ತೋರಿಸಿದ್ರೆ ಸಾಕು ಕಣೆ, ಕರಗಿ ನೀರಾಗ್ತಾರೆ,” ಎಂದಳು ಅತ್ತಿಗೆ. “ಅವನನ್ನೂ ಕರಿ. ಇವರ ಫ್ರೆಂಡು ಅಂತ ಹೇಳೋಣ. ದೋಣಿಯಲ್ಲಿ ಪಕ್ಕ ಪಕ್ಕ ಕೂತ್ಕೊಂಡು ನೀರು, ಗೇಟು ಅಂತ ಮಾತಾಡ್ಲಿ. ಹುಡುಗ ಹಿಡಿಸಿದ ಮೇಲೆ ನೀನು ಬಾಯಿ ಬಿಡು.”

ಹುಡುಗನ ತಾಯಿಯೂ ಆಗ ಮೈಸೂರಿನಿಂದ ಬಂದಿದ್ದರು. ಅವರನ್ನು ಮನೆಯಲ್ಲಿ ಒಬ್ಬರೇ ಬಿಟ್ಟು ಬರುವಂತಿರಲಿಲ್ಲ, ಹೀಗಾಗಿ ಅವರೂ ಬರುವುದೆಂದಾಯಿತು. ಅವರಿಗೂ ನಮ್ಮ ವಿಷಯ ಗೊತ್ತಿರಲಿಲ್ಲ. ತಾಯಿಗೆ ಹೇಳುವ ಧೈರ್ಯ ಅವನಿಗೂ ಬಂದಿರಲಿಲ್ಲ. ಈ ವಿಷಯದಲ್ಲಿ ಮಾತ್ರ ನಾವು ಹೇಳಿ ಮಾಡಿಸಿದ ಜೋಡಿ.

ಲಾಕು ಅಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಬಂದ ಹೊಸತರಲ್ಲಿ ಅಪ್ಪ, “ಈ ಮನ್ಯಾಗ ಉಳ್ಳಾಗಡ್ಡಿನೂ ಇಂಗ್ಲಿಷ್ ಮಾತಾಡತಾವ” ಎಂದು ಈರುಳ್ಳಿಯ ಬುಟ್ಟಿಯ ಮುಂದೆ ನಿಂತು ಗೊಣಗಿದ್ದರು. ಅದನ್ನು ಅತ್ತಿಗೆ ಮನಸ್ಸಿಗೆ ಹಚ್ಚಿಕೊಂಡಿದ್ದಳು. ಮಾವ ಇರುವಷ್ಟು ದಿನ ಮನೆಯಲ್ಲಿ ಇಂಗ್ಲಿಷ್ ಬೇಡವೆಂದು ಕಟ್ಟಪ್ಪಣೆ ಮಾಡಿದ್ದಳು. ಫ್ರೀವೇ ನಮ್ಮ ಮನೆಯಲ್ಲಿ ಪುಕ್ಕಟೆ ರಸ್ತೆಯಾಗಿತ್ತು. ಫ್ರಿಜ್ಜು ತಂಗಳ ಪೆಟ್ಟಿಗೆಯಾಗಿತ್ತು. ಈ ನಿಯಮದಂತೆ ಲಾಕು ಬೀಗವಾಯಿತು. ಎರಡು ವರ್ಷ ಅತ್ತಿಗೆಯ ಜೊತೆಗಿದ್ದು, ಫೋನಿನಲ್ಲಿ ಮೈಸೂರಿನ ಹುಡುಗನೊಂದಿಗೆ ಗಂಟೆಗಟ್ಟಲೆ ಮಾತಾಡಿ ನನ್ನ ನಾಲಿಗೆಯೂ ತಿರುಗಿಬಿಟ್ಟಿತ್ತು. ಕೀಲಿ ಎಂಬ ಪದ ಬಾಯಿಗೇ ಬರಲಿಲ್ಲ. ಬುಧವಾರ ಸಂಜೆ ಅಪ್ಪನ ಹತ್ತಿರ ಹೋಗಿ ಒಂದೇ ಉಸಿರಿಗೆ ಹೇಳಿದೆ.

“ಅಪ್ಪಾ, ಶನಿವಾರ ಎಲ್ಲಾರೂ ಕೂಡಿ ಬೀಗ ನೋಡಾಕ ಹೋಗೂಣು.”

ಅಪ್ಪ ಪೇಪರು ಕೆಳಗಿಳಿಸಿದರು. “ಏನಂದಿ?”

“ಬೀಗ. ಸ್ಯಾಕ್ರಮೆಂಟೋದಾಗ.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ, “ಹಂಗ ಬೀಗ ಅನಬಾರದವಾ. ಬೀಗರು ಅನಬೇಕು. ಮರ್ಯಾದಿ ಕೊಟ್ಟು ಮಾತಾಡೂದು ಕಲಿ,” ಎಂದರು.

ನನಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅಪ್ಪ ತಮ್ಮ ಕಾಲುವೆಯ ಗೇಟುಗಳನ್ನೂ ಬಹುವಚನದಲ್ಲೇ ಕರೆಯುತ್ತಿದ್ದರು. ನಮ್ಮ ಏಳನೇ ಗೇಟಿನವರು ಬಲು ಮೊಂಡರು, ಮಳೆಗಾಲದಲ್ಲಿ ಯಾರ ಮಾತೂ ಕೇಳುವುದಿಲ್ಲ ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದವರು. ನಾನೂ ಅದೇ ಧಾಟಿಯಲ್ಲಿ, “ಆತು, ಬೀಗರು,” ಎಂದೆ.

“ಎಲ್ಲೆ ಇರತಾರ?”

“ಹೊಳೀ ದಂಡಿ ಮ್ಯಾಲ.”

“ಚಲೋ ಆತು. ದೊಡ್ಡವರೇನು?”

“ಭಾಳ ದೊಡ್ಡವರು. ಒಳಗ ಹಡಗ ಹಿಡಸತೈತಿ.”

“ನಿನಗ ಎಲ್ಲಾ ಹೆಚ್ಚು ಮಾಡಿ ಹೇಳೂದು ರೂಢಿ,” ಎಂದು ಅಪ್ಪ ನಕ್ಕರು. ಮೂರು ವಾರದಲ್ಲಿ ಅವರು ನನ್ನ ಮಾತಿಗೆ ನಕ್ಕದ್ದು ಅದೇ ಮೊದಲು. “ವಯಸ್ಸು?”

“ಇಪ್ಪತ್ತೈದರ ಆಸುಪಾಸು.”

“ಕೆಲಸ?”

“ಮೊದಲ ಭಾಳ ಇತ್ತಂತ. ಈಗೀಗ ಕಡಿಮಿ ಆಗೇತಿ. ಮುಚ್ಚತಾರಂತ ಸುದ್ದಿ ಐತ್ರಿ.”

ಅಪ್ಪನ ಹಣೆ ಗಂಟಿಕ್ಕಿತು. ಸ್ವಲ್ಪ ಯೋಚಿಸಿ, “ಹೋಗಲಿ ಬಿಡು, ಈ ದೇಶದಾಗ ಇನ್ನೊಂದು ಸಿಗತೈತಿ,” ಎಂದರು.

“ಇನ್ನೊಂದು ಎಲ್ಲೆ ಸಿಗತೈತ್ರಿ ಅಪ್ಪಾ? ಈ ಕಡೆ ಇರೂದು ಇದೊಂದ.”

“ಅಂದ್ರ ನಿನಗ ಇದ ಬೇಕು ಅಂದಂಗಾತು.”

“ಹೂಂ ಮತ್ತ!” ಎಂದೆ, ಲಾಕು ನೋಡುವ ಹುರುಪಿನಲ್ಲಿ.

ಅಪ್ಪ ಪೇಪರನ್ನು ನಾಲ್ಕು ಮಡಿಕೆ ಮಾಡಿ ಎದ್ದು ಬಾತ್‌ರೂಮಿಗೆ ಹೋದರು. ತುಂಬ ಹೊತ್ತು ಒಳಗೆ ನಲ್ಲಿಯ ನೀರು ಸುಮ್ಮನೆ ಹರಿಯುವುದು ಕೇಳಿಸುತ್ತಿತ್ತು. ನನಗೆ ಮಾತ್ರ ಪಾಠ ಹೇಳುತ್ತಾರೆ ಎಂದು ನಾನು ಅಡುಗೆಮನೆಯಲ್ಲಿ ಅತ್ತಿಗೆಯ ಮುಂದೆ ಮೂಗು ಮುರಿದೆ.

ಅವತ್ತಿನಿಂದ ಅಪ್ಪ ಬೇರೆಯೇ ಮನುಷ್ಯರಾದರು. ಚಹಾಕ್ಕೆ ಸಕ್ಕರೆಯೇ ಹಾಕದೆ ಕೊಟ್ಟರೂ ಚಲೋ ಆಗೇತಿ ಎಂದು ಕುಡಿದರು. ಗುರುವಾರ ಅಣ್ಣನನ್ನು ಕರೆದುಕೊಂಡು ಇಂಡಿಯನ್ ಗ್ರೋಸರಿಗೆ ಹೋಗಿ ಎರಡು ತೆಂಗಿನಕಾಯಿ ತಂದರು. ಶುಕ್ರವಾರ ಬೂಟಿಗೆ ಪಾಲಿಶು ಹಚ್ಚಿಕೊಂಡು ಬಾಲ್ಕನಿಯಲ್ಲಿ ಏನೋ ಗುನುಗುತ್ತಿದ್ದರು. ಕಾಲುವೆಯ ಹುಚ್ಚು ಹೀಗೂ ಇರುತ್ತದೆಯೇ ಎಂದು ನಾವು ಮೂವರೂ ಬೆರಗಾದೆವು.

ಶನಿವಾರ ಬೆಳಿಗ್ಗೆ ಅವರು ಕೋಣೆಯಿಂದ ಹೊರಬಂದಾಗ ಅಣ್ಣನ ಕೈಯಲ್ಲಿದ್ದ ಕಾಫಿ ಅರ್ಧ ತುಳುಕಿತು. ಕಚ್ಚೆ ಹಾಕಿದ ಧೋತರ, ಕರಿ ಕೋಟು, ಬಿಳಿ ಟೊಪ್ಪಿಗೆ. ಕೈಯಲ್ಲಿ ಚೀಲ. ಅದರಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಅರಿಸಿನ ಕುಂಕುಮದ ಡಬ್ಬಿ, ಮಡಿಕೆ ಮಾಡಿದ ಒಂದು ಖಣ. ಬೇಕಾದರೆ ಇರಲಿ ಎಂದು ಅವ್ವ ಊರಿನಿಂದ ಟ್ರಂಕಿನ ತಳದಲ್ಲಿಟ್ಟು ಕಳಿಸಿದ್ದ ಕುಪ್ಪಸದ ಖಣವದು.

“ಮಾವ ನದಿಗೆ ಬಾಗಿನ ಕೊಡ್ತಾರೆ ಅನ್ಸುತ್ತೆ,” ಎಂದು ಅತ್ತಿಗೆ ಪಿಸುಗುಟ್ಟಿದಳು. ಹೊಳೆಗೆ ಉಡಿ ತುಂಬುವುದು ನಮ್ಮ ಕಡೆಯೂ ಇದೆ. ಸರಿ, ಸ್ಯಾಕ್ರಮೆಂಟೋ ನದಿಗೂ ಒಂದು ಖಣ ಆಗಲಿ ಎಂದುಕೊಂಡು ಹೊರಟೆವು. ಎರಡು ತಾಸಿನ ದಾರಿ. ಎರಡೂ ಕಡೆ ಗುಡ್ಡಗಳು ಇನ್ನೂ ಹಸಿರಾಗಿದ್ದವು. ನಾನು ಹೆದರಿಕೆಗೆ ವೇಗವಾಗಿ ಓಡಿಸಿದೆ. ಅಪ್ಪ ಒಂದು ಮಾತೂ ಆಡಲಿಲ್ಲ. ಒಂದೇ ಸಲ, “ನಿಮ್ಮವ್ವಗ ನಾಳೆ ಫೋನ್ ಮಾಡೂಣು,” ಎಂದರು.

ದೋಣಿ ನಿಲ್ಲಿಸುವ ಕಟ್ಟೆಯ ಬಳಿ ಹುಡುಗ ಮತ್ತು ಅವನ ತಾಯಿ ಆಗಲೇ ಬಂದು ನಿಂತಿದ್ದರು. ಆ ತಾಯಿ ನೂಲಿನ ಸೀರೆಯ ಮೇಲೆ ಮಗನ ದಪ್ಪ ಸ್ವೆಟರು ಹಾಕಿಕೊಂಡಿದ್ದರು, ಕಾಲಿಗೆ ಬಿಳಿ ಕ್ಯಾನ್ವಾಸು ಬೂಟು. ನಮ್ಮನ್ನು ನೋಡಿದ ಕೂಡಲೇ, “ಬನ್ನಿ ಬನ್ನಿ. ಒಂದು ಬೀಗ ನೋಡೋಕೆ ಇಷ್ಟು ದೂರ ಬರೋದಾ ಅಂತ ಇವನ್ನ ಕೇಳ್ತಾನೇ ಬಂದೆ. ಮೈಸೂರಲ್ಲಿ ನಮ್ಮನೇಲೇ ಐದಿದೆ, ಎರಡಕ್ಕೆ ಕೈನೇ ಇಲ್ಲ,” ಎಂದು ನಕ್ಕರು.

ಅಪ್ಪನಿಗೆ ಇದು ಪೂರ್ತಿ ಅರ್ಥವಾದಂತೆ ಕಾಣಲಿಲ್ಲ. ಬೂಟು ಬಿಟ್ಟು, ಸೊಂಟ ಬಗ್ಗಿಸಿ, ಎರಡೂ ಕೈ ಜೋಡಿಸಿ ದೊಡ್ಡ ನಮಸ್ಕಾರ ಮಾಡಿದರು. ಆ ತಾಯಿ ಗಾಬರಿಯಾಗಿ ತಾವೂ ಬಗ್ಗಿದರು. ಅಪ್ಪ ಆಮೇಲೆ ಹುಡುಗನನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಮತ್ತೆ ಕಾಲಿನಿಂದ ತಲೆಯವರೆಗೆ ನೋಡಿದರು. ಹುಡುಗ ಬೆವೆತುಹೋದ. ನನಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಏನೆಂದು ಹೊಳೆಯುವಷ್ಟರಲ್ಲಿ ದೋಣಿಯ ಅಜ್ಜ ಎಲ್ಲರಿಗೂ ಕಿತ್ತಳೆ ಬಣ್ಣದ ತೇಲುವ ಜಾಕೀಟು ಹಂಚತೊಡಗಿದ. ಕರಿ ಕೋಟಿನ ಮೇಲೆ ಕಿತ್ತಳೆ ಜಾಕೀಟು, ತಲೆಯ ಮೇಲೆ ಬಿಳಿ ಟೊಪ್ಪಿಗೆ ಹಾಕಿಕೊಂಡು ಅಪ್ಪ ಗಂಭೀರವಾಗಿ ಬೆಂಚಿನ ಮೇಲೆ ಕೂತರು. ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡಳು.

ಲಾಕಿನ ಹತ್ತಿರ ಬಂದಾಗ ಅಜ್ಜ ಹಾರ್ನನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಗಿಡ್ಡಕ್ಕೆ ಒತ್ತಿದ. ಹಸಿರು ದೀಪ ಹತ್ತಿತು. ಬಾಗಿಲು ತೆರೆದು ನಾವು ಒಳಗೆ ಹೋದೆವು. ಹಡಗು ಹಿಡಿಸುವಷ್ಟು ದೊಡ್ಡ ತೊಟ್ಟಿಯಲ್ಲಿ ನಮ್ಮದೊಂದೇ ಪುಟ್ಟ ದೋಣಿ. ಮಾತಾಡಿದರೆ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಅಜ್ಜ ಗೋಡೆಯ ಗೂಟಗಳಿಗೆ ಎರಡು ಹಗ್ಗ ಬಳಸಿ, ಮುಂದಿನದರ ತುದಿ ಅಣ್ಣನ ಕೈಗೂ ಹಿಂದಿನದರ ತುದಿ ಹುಡುಗನ ಕೈಗೂ ಕೊಟ್ಟ. ಲಾಕು ನಡೆಸುವವನು ಮೇಲಿನ ಕಟ್ಟೆಯಿಂದ ಬಗ್ಗಿ ನೋಡಿ, ಹಗ್ಗ ದೋಣಿಗೆ ಕಟ್ಟಬೇಡಿ, ಕೈಯಲ್ಲಿ ಹಿಡಿದುಕೊಂಡು ನೀರು ಇಳಿದಂತೆ ಬಿಡುತ್ತಾ ಬನ್ನಿ ಎಂದು ಎರಡು ಸಲ ಕೂಗಿ ಹೇಳಿದ. ನಮ್ಮ ಹಿಂದೆ ಬಾಗಿಲು ಮುಚ್ಚಿತು.

ಎಲ್ಲರೂ ಕೂತಿದ್ದಾರೆ, ಯಾರೂ ಮಾತು ಶುರು ಮಾಡುತ್ತಿಲ್ಲ. ಇಂಥ ಕಡೆ ಶುರು ಮಾಡಬೇಕಾದದ್ದು ಹೆಣ್ಣಿನ ಅಪ್ಪ. ಅಪ್ಪ ಚೀಲದಿಂದ ಖಣ ತೆಗೆದು, ಅದರ ಮೇಲೆ ತೆಂಗಿನಕಾಯಿ, ಬಾಳೆಹಣ್ಣು ಇಟ್ಟುಕೊಂಡು ಗಂಟಲು ಸರಿಮಾಡಿಕೊಂಡರು.

“ಬೀಗರ, ನಮ್ಮ ಹುಡುಗಿ ಸ್ವಲ್ಪ ಸಿಟ್ಟಿನಾಕಿ. ಅದನ್ನ ನಾ ಮೊದಲ ಹೇಳಿಬಿಡತೀನಿ. ಆದರ ಮನಸು ಬಂಗಾರದಂಥಾದು.”

ಹುಡುಗನ ತಾಯಿ ಹಿಂದೆ ತಿರುಗಿ ನೋಡಿದರು. ಹಿಂದೆ ಮುಚ್ಚಿದ ಬಾಗಿಲು ಬಿಟ್ಟರೆ ಏನೂ ಇರಲಿಲ್ಲ. “ಯಾರಿಗೆ ಹೇಳ್ತಿದ್ದೀರಾ? ಬೀಗಕ್ಕಾ?”

“ನಿಮಗ ರೀ, ಬೀಗರ.”

“ನಾನಾ? ಬೀಗ ಅಲ್ಲಿದೆ ನೋಡಿ,” ಎಂದು ಆಕೆ ಪಾಪ ಬಾಗಿಲಿನ ಕಡೆ ಬೆರಳು ತೋರಿಸಿದರು.

ನನಗೆ ಬುಧವಾರದ ಮಾತೆಲ್ಲ ಒಂದರ ಹಿಂದೊಂದು ನೆನಪಾಯಿತು. ವಯಸ್ಸು ಇಪ್ಪತ್ತೈದು, ಕೆಲಸ ಕಡಿಮಿ, ನಿನಗ ಇದ ಬೇಕು ಅಂದಂಗಾತು, ಹೂಂ ಮತ್ತ! ನಾನು ಹುಡುಗನ ಮುಖ ನೋಡಿದೆ. ಅವನಿಗೂ ಅರ್ಥವಾಗಿತ್ತು. ಕೈಗೆ ಏನಾದರೂ ಕೆಲಸ ಬೇಕೆನ್ನಿಸಿತೋ ಏನೋ, ಹಿಡಿದಿದ್ದ ಹಗ್ಗವನ್ನು ದೋಣಿಯ ಕೊಕ್ಕೆಗೆ ಸುತ್ತಿ ಸುತ್ತಿ ಬಿಗಿಯಾಗಿ ಕಟ್ಟಿಬಿಟ್ಟ.

ನೀರು ಇಳಿಯುತ್ತಿತ್ತು. ದೋಣಿಯ ಮುಂಭಾಗವೂ ಇಳಿಯಿತು. ಹಿಂಭಾಗದ ಒಂದು ಮೂಲೆ ಮಾತ್ರ ಹಗ್ಗಕ್ಕೆ ತೂಗುಬಿದ್ದು ಮೇಲೆಯೇ ಉಳಿಯಿತು. ಮೊದಲು ಬಾಳೆಹಣ್ಣು ಜಾರಿದವು. ಆಮೇಲೆ ತೆಂಗಿನಕಾಯಿ ಗುಡುಗುಡು ಉರುಳಿ ಅಜ್ಜನ ಕಾಲಿಗೆ ಬಡಿಯಿತು. ಆಮೇಲೆ ಹುಡುಗನ ತಾಯಿ ಬೆಂಚಿನ ಮೇಲೆ ಕೂತ ಭಂಗಿಯಲ್ಲೇ ಜಾರುತ್ತಾ ಬಂದು ಅಪ್ಪನ ಪಕ್ಕದಲ್ಲಿ ನಿಂತರು. “ನಮಸ್ಕಾರ,” ಎಂದರು ಆಕೆ, ಬೇರೆ ಏನು ಹೇಳಬೇಕೆಂದು ತೋಚದೆ.

“ಹಗ್ಗ ಬಿಡಪಾ! ಬಿಡು ಹಗ್ಗ!” ಅಪ್ಪನ ಕಾಲುವೆಯ ಗಂಟಲು ಹೊರಬಂತು. ಹುಡುಗ ಎಳೆದ, ಬಿಚ್ಚಲು ನೋಡಿದ. ಇಡೀ ದೋಣಿಯ ಭಾರ ಅದರ ಮೇಲಿತ್ತು, ಗಂಟು ಜಗ್ಗಲಿಲ್ಲ. ಅಜ್ಜ ಜೇಬಿನಿಂದ ಚಾಕು ತೆಗೆದು ಒಂದೇ ಏಟಿಗೆ ಹಗ್ಗ ಕತ್ತರಿಸಿದ. ದೋಣಿ ಧಡಾರನೆ ನೀರಿಗೆ ಬಿತ್ತು. ಎದ್ದ ನೀರು ನಮ್ಮೆಲ್ಲರ ತಲೆಯ ಮೇಲೆ ಸುರಿಯಿತು. ಅಪ್ಪನ ಟೊಪ್ಪಿಗೆ ತೇಲಿಕೊಂಡು ಹೊರಟಿತು. ಅಣ್ಣ ತನ್ನ ಹಗ್ಗ ಬಿಡದೆ, ಇನ್ನೊಂದು ಕೈ ಚಾಚಿ ಅದನ್ನು ಎತ್ತಿಕೊಂಡ.

ಅಪ್ಪ ಮುಖದ ಮೇಲಿನ ನೀರು ಒರೆಸಿಕೊಂಡು ಆ ಹುಡುಗನನ್ನೇ ನೋಡುತ್ತಾ, “ಹುಡುಗ ಇವನೇನು?” ಎಂದು ನನ್ನನ್ನು ಕೇಳಿದರು.

ಅತ್ತಿಗೆಗೆ ತಡೆಯಲಿಲ್ಲ. “ಮಾವ, ನೀವು ಬೀಗ ಅಂದ್ರೆ ಬೀಗರು ಅಂತ ತಿಳ್ಕೊಂಡ್ರಾ?” ಎಂದವಳೇ ಬೆಂಚಿನಿಂದ ಕೆಳಗೆ ಕೂತು ನಗತೊಡಗಿದಳು.

“ಅಪ್ಪಾ, ಬೀಗ ಅಂದ್ರ ಕೀಲಿ!” ನಾನು ಕಿರುಚಿದೆ. “ಮೈಸೂರು ಕಡೆ ಕೀಲಿಗೆ ಬೀಗ ಅಂತಾರ. ನಾ ಹೇಳಿದ್ದು ಈ ಕೀಲಿ, ಈ ನೀರಿನ ಕೀಲಿ!”

ನಗು ಹೇಗೆ ಹತ್ತಿತೆಂದು ಹೇಳಲಾರೆ. ಅಣ್ಣ ನಕ್ಕ. ಹುಡುಗನ ತಾಯಿ ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡು ನಕ್ಕರು. “ಅಯ್ಯೋ ರಾಮ, ನನ್ನನ್ನ ಬೀಗ ಮಾಡ್ಬಿಟ್ರಲ್ಲಾ!” ಎಂದರು. ಅಜ್ಜ ಏನೂ ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕ. ಗೋಡೆಗಳು ನಮ್ಮ ನಗುವನ್ನು ದುಪ್ಪಟ್ಟು ಮಾಡಿ ವಾಪಸು ಕೊಟ್ಟವು. ಅಪ್ಪನೂ ನಕ್ಕರು, ಹೊಟ್ಟೆ ಕುಲುಕುವಂತೆ ನಕ್ಕರು. ನಗುತ್ತಾ ನಗುತ್ತಾ ಇದ್ದಕ್ಕಿದ್ದಂತೆ ನಿಲ್ಲಿಸಿದರು.

“ಹಂಗಾರ ನೀ ಹೇಳಿದ್ದು ಕೀಲಿ,” ಎಂದರು.

“ಹೂಂ ರೀ.”

“ಇವರ ವಿಷಯ ನೀ ಹೇಳಿರಲೇ ಇಲ್ಲ.”

ಅಪ್ಪ ಒದ್ದೆಯಾದ ಖಣವನ್ನು ಮಡಿಲಲ್ಲಿಟ್ಟುಕೊಂಡು ಹಿಂಡತೊಡಗಿದರು.

“ನನಗ ಎಲ್ಲಾ ಗೊತ್ತಿತ್ತವಾ. ದಿನಾ ಸಂಜೀಕ ಫೋನ್ ಬರತಿತ್ತು. ಮೀಟಿಂಗಿನ ಸುದ್ದಿ ಹೇಳುವಾಗ ಯಾರರ ಅಷ್ಟು ನಗತಾರೇನು? ಇವತ್ತ ಹೇಳತಾಳ, ನಾಳೆ ಹೇಳತಾಳ ಅಂತ ಕಾದೆ. ನೀ ಬರೇ ಜಗಳ ತಗಿಯಾಕಿ. ಬುಧವಾರ ನೀ ಬಂದು ಬೀಗ ನೋಡಾಕ ಹೋಗೂಣು ಅಂದಿ. ನನ್ನ ಮಗಳು ತಾನ ಬಂದು ನನಗ ಹೇಳಿದಳಲ್ಲ ಅಂತ ಮೂರು ದಿವಸದಿಂದ ನನ್ನ ಕಾಲು ನೆಲದ ಮ್ಯಾಲ ನಿಂತಿರಲಿಲ್ಲ. ಈಗ ನೋಡಿದ್ರ ಅದು ಕೀಲಿ.”

ಅವರು ಸಿಟ್ಟಿನಿಂದ ಹೇಳಿದ್ದರೆ ನಾನೂ ಸಿಟ್ಟಾಗುತ್ತಿದ್ದೆ, ಇಬ್ಬರಿಗೂ ಹಗುರವಾಗುತ್ತಿತ್ತು. ಅವರು ಸುಮ್ಮನೆ ಹೇಳಿದರು, ನನ್ನತ್ತ ನೋಡದೆ ಹೇಳಿದರು. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ. ಅವರು ಬೇಡ ಅನ್ನುತ್ತಾರೆಂದು ನಾನು ಒಂದೂವರೆ ವರ್ಷ ಮನಸ್ಸಿನಲ್ಲೇ ಒಬ್ಬಳೇ ಅವರೊಡನೆ ಯುದ್ಧ ಮಾಡಿದ್ದೆ. ಎದುರು ಪಕ್ಷದಲ್ಲಿ ಯಾರೂ ಇರಲೇ ಇಲ್ಲ.

ಎದ್ದು ಓಡಿಹೋಗೋಣವೆಂದರೆ ಸುತ್ತ ಗೋಡೆ. ನೀರು ಇನ್ನೂ ಇಳಿಯುತ್ತಿತ್ತು, ಎರಡೂ ಬಾಗಿಲು ಮುಚ್ಚಿದ್ದವು. ಹುಡುಗನ ತಾಯಿ ಮಗನ ಬೆನ್ನಿಗೆ ಒಂದು ಗುದ್ದಿದರು. “ನೀನೂ ನಂಗೆ ಬೀಗ ಅಂತ ಹೇಳಿ ಕರ್ಕೊಂಡ್ ಬಂದ್ಯಲ್ಲೋ, ನಿನಗೆ ಆಮೇಲೆ ಮಾಡ್ತೀನಿ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಹೇಳ್ಬಿಡಮ್ಮ. ನಿಮ್ಮಪ್ಪ ಪಾಪ ಎಷ್ಟು ದಿನ ಕಾಯ್ತಾರೆ. ನಂ ಕಿವಿಗೂ ಒಂದ್ಸಲ ಬೀಳ್ಲಿ,” ಎಂದು ಜರುಗಿ ನನಗೆ ಜಾಗ ಮಾಡಿಕೊಟ್ಟರು.

ನಾನು ಅಪ್ಪನ ಪಕ್ಕದಲ್ಲಿ ಹೋಗಿ ಕೂತೆ. ನನಗೆ ಜಗಳವಾಡಿ ಗೊತ್ತು, ಹಟ ಹಿಡಿದು ಗೊತ್ತು. ಇಂಥ ಮಾತನ್ನು ಹೇಳಿ ಗೊತ್ತಿರಲಿಲ್ಲ. ಜಾಕೀಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡೆ, ಬಿಚ್ಚಿದೆ, ಮತ್ತೆ ಸುತ್ತಿಕೊಂಡೆ.

“ಅಪ್ಪಾ, ನಾ ಇವರನ್ನ ಮದುವಿ ಆಗತೀನಿ.”

ಅಪ್ಪ ಈಗ ನನ್ನ ಕಡೆ ನೋಡಿದರು. “ಕೇಳಾಕತ್ತೀಯೋ, ಹೇಳಾಕತ್ತೀಯೋ?”

“ಹೇಳಾಕತ್ತೀನ್ರಿ. ನೀವು ಹೂಂ ಅನ್ರಿ.”

“ಹೂಂ,” ಎಂದರು ಅಪ್ಪ.

ಅಷ್ಟೇ. ಇಷ್ಟಕ್ಕೆ ಒಂದೂವರೆ ವರ್ಷ ಬೇಕಾಗಿತ್ತೇ! ನಾನು ಅವರ ಒದ್ದೆ ಕೋಟಿನಲ್ಲಿ ಮುಖ ಹುದುಗಿಸಿ, ಸಣ್ಣ ಮಗುವಿನಂತೆ ಬಾಯಿ ತೆರೆದು ಅತ್ತೆ. ಗೋಡೆಗಳು ಅದನ್ನೂ ದುಪ್ಪಟ್ಟು ಮಾಡಿದವು. ಅಪ್ಪ ಒಂದು ಕೈಯಲ್ಲಿ ನನ್ನ ತಲೆ ಸವರುತ್ತಾ, ಇನ್ನೊಂದು ಕೈಯಲ್ಲಿ ಹಿಂಡಿದ ಖಣವನ್ನು ಹುಡುಗನ ತಾಯಿಯತ್ತ ಚಾಚಿದರು. ಆಕೆ ಕ್ಯಾನ್ವಾಸು ಬೂಟು ಕಳಚಿ, ಎದ್ದು ನಿಂತು, ಸೆರಗಿನಲ್ಲಿ ಅದನ್ನು ತೆಗೆದುಕೊಂಡರು. ಅಜ್ಜ ತನ್ನ ಕಾಲಡಿಯಿದ್ದ ತೆಂಗಿನಕಾಯಿಯನ್ನು ಎತ್ತಿ, ಇದೂ ಬೇಕೇ ಎಂಬಂತೆ ತೋರಿಸಿದ. ಆಕೆ ಅದನ್ನೂ ಅದೇ ಸೆರಗಿಗೆ ಹಾಕಿಸಿಕೊಂಡರು.

ಲಾಕು ನಡೆಸುವವನು ನನ್ನ ಕೂಗು ಕೇಳಿ ತನ್ನ ಕೋಣೆಯಿಂದ ಓಡಿಬಂದಿದ್ದ. ಕಟ್ಟೆಯ ಕಂಬಿಯ ಮೇಲೆ ಅರ್ಧ ಬಗ್ಗಿ, ಯಾರಿಗಾದರೂ ಪೆಟ್ಟಾಯಿತೇ ಎಂದು ಕೂಗಿದ. ಇಲ್ಲ, ನನಗೆ ಮದುವೆ ಗೊತ್ತಾಯಿತು ಎಂದು ನಾನು ಅಳುತ್ತಲೇ ಇಂಗ್ಲಿಷಿನಲ್ಲಿ ಕೂಗಿದೆ.

“ಇಲ್ಲೇನಾ? ಈಗಲೇನಾ?” ಎಂದ ಅವನು.

ಅಪ್ಪ ಎದ್ದು ನಿಂತರು. ದೋಣಿ ಅಲುಗಾಡಿತು, ಹುಡುಗ ಅವರ ತೋಳು ಹಿಡಿದುಕೊಂಡ. ಧೋತರದಿಂದ ನೀರು ಸೋರುತ್ತಿತ್ತು. ತಲೆ ಹಿಂದಕ್ಕೆ ಮಾಡಿ, ಕಾಲುವೆಯ ಆ ದಂಡೆಯವರಿಗೆ ಕೇಳಿಸುವ ತಮ್ಮ ಹಳೆಯ ಗಂಟಲಿನಲ್ಲಿ ಅಪ್ಪ ಮೇಲಕ್ಕೆ ಕೂಗಿದರು.

“ಮೈ ಡಾಟರ್, ಸರ್! ಶೀ ಟೋಲ್ಡ್ ಮಿ ಹರ್‌ಸೆಲ್ಫ್!”